ಬಯಲುಸೀಮೆಯ ಚಳಿರಾತ್ರಿ: ಟೆಂಟು, ಕಂಬಳಿ ಮತ್ತು ಸ್ಟೀಫನ್–ಬೋಲ್ಟ್ಜ್‌ಮನ್

ಡಿಸೆಂಬರ್ ಬಂತು ಅಂದ್ರೆ ಎಲ್ಲಾ ಕ್ಲಾಸ್ ಗ್ರೂಪಲ್ಲೂ ಒಂದೇ ಮಾತು ಶುರುವಾಗುತ್ತೆ: ಎಲ್ಲಿಗಾದ್ರೂ ಹೋಗೋಣ. ಒಬ್ಬ ಕುಮಾರ ಪರ್ವತ ಅಂತಾನೆ, ಇನ್ನೊಬ್ಬ ಕುದುರೆಮುಖ ಅಂತಾನೆ. 2024ರ ಜನವರಿ 26ರ ರಜೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ನುಗ್ಗಿದ ವಿಡಿಯೋ ನೀವೂ ನೋಡಿರ್ತೀರಿ. ಅದಾದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೇ ನಿಲ್ಲಿಸಿಬಿಟ್ಟಿತು. ಹಾಗಾಗಿ ಈಗ ಮೂರನೆಯವನೊಬ್ಬ ಇನ್‌ಸ್ಟಾಗ್ರಾಂ ರೀಲ್ ಒಂದನ್ನು ಗ್ರೂಪಿಗೆ ಹಾಕ್ತಾನೆ: ಜೈಸಲ್ಮೇರಿನ ಮರಳ ದಿಬ್ಬ, ಟೆಂಟು, ನಕ್ಷತ್ರ, ಕೆಳಗೆ ‘ಡೆಸರ್ಟ್ ಕ್ಯಾಂಪಿಂಗ್’. ಟ್ರೈನ್ ಟಿಕೆಟ್ ರೇಟ್ ನೋಡಿದ ಮೇಲೆ ಗ್ರೂಪ್ ಸೈಲೆಂಟ್ ಆಗುತ್ತೆ.

ಈ ಲೇಖನದಲ್ಲಿ ನಾವು ಹೇಳೋಕೆ ಹೊರಟಿರೋದು ಆ ಡೆಸರ್ಟ್ ಕ್ಯಾಂಪಿಂಗ್ ಅನ್ನೋದು ಹೇಗೆ ನಡೆಯುತ್ತೆ, ಅದರ ಹಿಂದಿನ ಲೆಕ್ಕ ಏನು, ಮತ್ತು ಅದೇ ಲೆಕ್ಕವನ್ನು ನಮ್ಮ ಹಾವೇರಿ–ರಾಣೆಬೆನ್ನೂರು ಬಯಲಲ್ಲಿ ಒಂದು ರಾತ್ರಿ ಮಲಗೋಕೆ ಹೇಗೆ ಬಳಸಬಹುದು ಅಂತ. ಮೊದಲೇ ಒಂದು ಮಾತು ಸ್ಪಷ್ಟ ಇರಲಿ. ಹಾವೇರಿ ಮರುಭೂಮಿ ಅಲ್ಲ. ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳೋ ಜಾಗಕ್ಕೆ ಸಾಮಾನ್ಯವಾಗಿ ಮರುಭೂಮಿ ಅಂತಾರೆ. ನಮ್ಮಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಬೀಳುತ್ತೆ. ಹಾನಗಲ್ ಕಡೆ ಹೋದ್ರೆ ಭತ್ತದ ಗದ್ದೆ, ಮಲೆನಾಡಿನ ಸೆರಗು. ಅಲ್ಲಿಂದ ಪೂರ್ವಕ್ಕೆ ಬ್ಯಾಡಗಿ ದಾಟಿ ರಾಣೆಬೆನ್ನೂರಿಗೆ ಬರೋಷ್ಟರಲ್ಲಿ ಜಾಲಿ, ಕುರುಚಲು, ಹುಲ್ಲು, ಎರೆ ಹೊಲ, ಮೆಕ್ಕೆಜೋಳ. ಒಂದೇ ಜಿಲ್ಲೆಯೊಳಗೆ ಇಷ್ಟು ಬದಲಾವಣೆ. ಮಳೆಗಾಲ ಮುಗಿದ ಮೇಲೆ ಈ ಪೂರ್ವದ ಭಾಗ ಒಣ ನಾಡಿನ ಹಾಗೇ ನಡ್ಕೊಳ್ಳುತ್ತೆ: ಹಗಲು ಬಿಸಿಲು, ರಾತ್ರಿ ಚಳಿ, ನೀರು ದೂರ.

ಮರುಭೂಮಿಗೆ ಜನ ಚಳಿಗಾಲದಲ್ಲೇ ಹೋಗೋದು ಯಾಕೆ ಅನ್ನೋದಕ್ಕೆ ಉತ್ತರ ಸಿಂಪಲ್. ಅಮೆರಿಕದ ಡೆತ್ ವ್ಯಾಲಿಯಲ್ಲಿ 1913ರ ಜುಲೈ 10ರಂದು 56.7 ಡಿಗ್ರಿ ದಾಖಲಾಗಿದೆ. ಆ ಜಾಗದಲ್ಲಿ ಬೇಸಿಗೆಯಲ್ಲಿ ಬ್ಯಾಗ್ ಹೊತ್ತು ನಡೆಯೋದು ಅಂದ್ರೆ ಆಸ್ಪತ್ರೆಗೆ ನಡೆದಂಗೆ. ಅದಕ್ಕೇ ಅಲ್ಲಿ ಗೈಡ್ ಜೊತೆ ಹೋಗೋ ಟ್ರಿಪ್‌ಗಳು ಚಳಿಗಾಲದ ಆಸುಪಾಸಿನ ತಿಂಗಳುಗಳಲ್ಲಿ. ನಮ್ಮ ದೇಶದ ಥಾರ್‌ನಲ್ಲೂ ಅಷ್ಟೇ. ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್‌ನವರು ಜೈಸಲ್ಮೇರ್ ಕಡೆ ನಡೆಸೋ ಮರುಭೂಮಿ ಚಾರಣ ಚಳಿಗಾಲದ್ದು. ಇಂಥ ಟ್ರಿಪ್‌ಗಳಲ್ಲಿ ಎರಡು ಥರ. ಒಂದು, ಎಲ್ಲಾ ಸಾಮಾನು ಬೆನ್ನ ಮೇಲೆ ಹೊತ್ತು ದಿನಕ್ಕೊಂದು ಜಾಗದಲ್ಲಿ ತಂಗೋ ಬ್ಯಾಕ್‌ಪ್ಯಾಕಿಂಗ್. ಇನ್ನೊಂದು, ಗಾಡಿಯಲ್ಲಿ ಸಾಮಾನು ಒಯ್ದು ಗಾಡಿ ಪಕ್ಕವೇ ಟೆಂಟ್ ಹಾಕೋ ಕಾರ್ ಕ್ಯಾಂಪಿಂಗ್. ಎರಡನೆಯದನ್ನು ಸೋಮಾರಿಗಳದ್ದು ಅಂತ ಕೆಲವರು ನಗ್ತಾರೆ. ನೀರಿನ ಲೆಕ್ಕ ನೋಡಿದ ಮೇಲೆ ಯಾರೂ ನಗಲ್ಲ. ಅದಕ್ಕೆ ಆಮೇಲೆ ಬರೋಣ. ಮೊದಲು ಚಳಿ.

ಮೆಣಸಿನಕಾಯಿ ಒಣಗಿಸೋ ಗಾಳಿಯೇ ಬೆನ್ನು ನಡುಗಿಸೋದು

ಬ್ಯಾಡಗಿ ಮೆಣಸಿನಕಾಯಿ ಗೊತ್ತಿಲ್ಲದವರು ಇಲ್ಲಿ ಯಾರೂ ಇಲ್ಲ. ಡಬ್ಬಿ, ಕಡ್ಡಿ ಅಂತ ಎರಡು ತಳಿ, 2011ರಲ್ಲಿ ಜಿಐ ಟ್ಯಾಗ್, ಖಾರ ಕಡಿಮೆ, ಬಣ್ಣ ಜಾಸ್ತಿ. ಅದು ಕೊಯ್ಲಿಗೆ ಬರೋದು ಚಳಿಗಾಲದಲ್ಲಿ, ಒಣಗೋದು ಬಯಲಲ್ಲಿ ಹರಡಿದ ಕಣದಲ್ಲಿ. ಅದಕ್ಕೆ ಬೇಕಾಗಿರೋದು ಮೋಡ ಇಲ್ಲದ ಆಕಾಶ, ತೇವ ಇಲ್ಲದ ಗಾಳಿ. ಈಗ ಗಮನಿಸಿ: ಹಗಲೆಲ್ಲಾ ಹರಡಿದ ಕಾಯನ್ನು ಸಂಜೆ ಹೊತ್ತಿಗೆ ರಾಶಿ ಮಾಡಿ ತಾಡಪಾಲು ಮುಚ್ತಾರೆ. ಯಾಕೆ? ರಾತ್ರಿ ಇಬ್ಬನಿ ಬಿದ್ರೆ ಕಾಯಿ ಮೆತ್ತಗಾಗುತ್ತೆ, ಬಣ್ಣ ಕೆಡುತ್ತೆ. ಹಗಲು ಅಷ್ಟು ಒಣಗಿರೋ ಗಾಳಿಯಲ್ಲಿ ರಾತ್ರಿ ನೀರು ಎಲ್ಲಿಂದ ಬಂತು?

ಇದು ನಾವು ಪಿಯುಸಿಯಲ್ಲಿ ಓದಿ ಸಿಇಟಿ ಮುಗಿದ ಮಾರನೇ ದಿನ ಮರೆತ ಪಾಠ. ಪ್ರತಿ ವಸ್ತುವೂ ತನ್ನ ಉಷ್ಣತೆಗೆ ತಕ್ಕ ಹಾಗೆ ಶಾಖವನ್ನು ಹೊರಸೂಸುತ್ತೆ. ಸ್ಟೀಫನ್–ಬೋಲ್ಟ್ಜ್‌ಮನ್ ನಿಯಮದ ಪ್ರಕಾರ ಅದು ಕೆಲ್ವಿನ್ ಉಷ್ಣತೆಯ ನಾಲ್ಕನೇ ಘಾತಕ್ಕೆ ಅನುಪಾತ. ನಮ್ಮ ಕಡೆ ಡಿಸೆಂಬರ್–ಜನವರಿಯಲ್ಲಿ ಹಗಲು 30 ಡಿಗ್ರಿ ಆಸುಪಾಸು ಇದ್ದದ್ದು ಬೆಳಗಿನ ಜಾವಕ್ಕೆ 15ರ ಆಸುಪಾಸಿಗೆ ಇಳಿಯುತ್ತೆ. 15 ಡಿಗ್ರಿ ಅಂದ್ರೆ 288 ಕೆಲ್ವಿನ್. ಫಾರ್ಮುಲಾಕ್ಕೆ ಹಾಕಿದ್ರೆ ಒಂದು ಚದರ ಮೀಟರ್ ನೆಲ ಸುಮಾರು 390 ವ್ಯಾಟ್ ಆಕಾಶದ ಕಡೆ ಬಿಡ್ತಾ ಇರುತ್ತೆ. ಆಕಾಶವೂ ಸುಮ್ಮನೆ ಇರಲ್ಲ, ಅದರಲ್ಲಿರೋ ನೀರಾವಿ ಸ್ವಲ್ಪ ಶಾಖ ವಾಪಸ್ ಕೊಡುತ್ತೆ. ಮೋಡ ಇದ್ರೆ ಹೆಚ್ಚುಕಡಿಮೆ ಪೂರ್ತಿ ವಾಪಸ್ ಬರುತ್ತೆ. ಒಣ, ಸ್ವಚ್ಛ ಆಕಾಶ ಇದ್ರೆ ವಾಪಸ್ ಬರೋದು ಸುಮಾರು 290–300 ವ್ಯಾಟ್ ಅಷ್ಟೇ. ಉಳಿದ 90–100 ವ್ಯಾಟ್ ಪ್ರತಿ ಚದರ ಮೀಟರಿಗೆ ಲಾಸ್.

ಇದನ್ನು ನಮ್ಮ ಮೈಗೆ ಹೋಲಿಸಿ ನೋಡಿ. ಮಲಗಿರೋ ಮನುಷ್ಯನ ಮೈ ಉತ್ಪಾದಿಸೋ ಶಾಖ 70–80 ವ್ಯಾಟ್. ಅಂದ್ರೆ ಬರೀ ಆಕಾಶವನ್ನು ‘ನೋಡ್ತಾ’ ಮಲಗಿದ್ದಕ್ಕೇ ನಮ್ಮ ಇಡೀ ಎಂಜಿನ್ನಿನ ಔಟ್‌ಪುಟ್ ಹೋಗಬಹುದು. ಗಾಳಿ 15 ಡಿಗ್ರಿ ಇದ್ರೂ ಹೊದಿಕೆಯ ಮೇಲ್ಮೈ ಅದಕ್ಕಿಂತ ತಣ್ಣಗಾಗುತ್ತೆ, ಅದಕ್ಕೇ ಅದರ ಮೇಲೆ ಇಬ್ಬನಿ ಕೂರುತ್ತೆ, ಮೆಣಸಿನಕಾಯಿ ಮೇಲೆ ಕೂತಂಗೆ. ನಂಬಿಕೆ ಇಲ್ಲದಿದ್ರೆ ಲ್ಯಾಬಲ್ಲಿರೋ ಐಆರ್ ಥರ್ಮಾಮೀಟರ್ ಗನ್ ಕೇಳಿ ತಗೊಂಡು, ಮೋಡ ಇಲ್ಲದ ರಾತ್ರಿ ಹಾಸ್ಟೆಲ್ ಟೆರೇಸಿಂದ ನೇರ ಆಕಾಶಕ್ಕೆ ಹಿಡಿದು ನೋಡಿ. ಗಾಳಿಯ ಉಷ್ಣತೆಗಿಂತ ತುಂಬಾ ಕೆಳಗಿನ ರೀಡಿಂಗ್ ಬರುತ್ತೆ. ಅದೇ ಗನ್ನನ್ನು ಬೇವಿನ ಮರದ ಕೆಳಗೆ ನಿಂತು ಕೊಂಬೆಗೆ ಹಿಡಿದ್ರೆ ಗಾಳಿಯಷ್ಟೇ ತೋರಿಸುತ್ತೆ. ಮರದ ಕೆಳಗೆ ಬೆಚ್ಚಗಿರೋದಕ್ಕೆ ಕಾರಣ ಇಷ್ಟೇ: ಎಲೆಗಳು ನಾವು ಬಿಟ್ಟಷ್ಟೇ ಶಾಖ ನಮಗೆ ವಾಪಸ್ ಕೊಡ್ತವೆ.

ಟೆಂಟ್ ಮಾಡೋದೂ ಮುಖ್ಯವಾಗಿ ಅದೇ ಕೆಲಸ, ಜೊತೆಗೆ ಗಾಳಿ ತಡೆಯೋದು. ಟೆಂಟಿನ ಬಟ್ಟೆ ತೆಳ್ಳಗಿದೆ, ಇದರಿಂದ ಏನು ಬೆಚ್ಚಗಾಗುತ್ತೆ ಅಂತ ಕೇಳೋರು ಇದ್ದಾರೆ. ಬಟ್ಟೆ ದಪ್ಪ ಇರೋದು ಬೇಡ, ನಮಗೂ ಆಕಾಶಕ್ಕೂ ನಡುವೆ ಇದ್ರೆ ಸಾಕು. ಆದ್ರೆ ಜಿಪ್ ಪೂರ್ತಿ ಹಾಕಿ ಮಲಗಿದ್ರೆ ನಮ್ಮ ಉಸಿರಿನ ತೇವವೇ ಒಳಗೆ ಹನಿಯಾಗಿ ತೊಟ್ಟಿಕ್ಕುತ್ತೆ, ಬೆಳಿಗ್ಗೆ ಹೊದಿಕೆ ಒದ್ದೆ. ಮೇಲ್ಗಡೆ ಕಿಟಕಿ ಸ್ವಲ್ಪ ತೆಗೆದಿರಲಿ. ಇನ್ನೊಂದು, ಹಳ್ಳದ ತಗ್ಗಲ್ಲಿ ಗಾಳಿ ಕಡಿಮೆ ಅಂತ ಅಲ್ಲಿ ಟೆಂಟ್ ಹಾಕೋರಿದ್ದಾರೆ. ತಣ್ಣನೆ ಗಾಳಿ ಭಾರ, ರಾತ್ರಿ ಹರಿದು ಬಂದು ತಗ್ಗಲ್ಲೇ ನಿಲ್ಲುತ್ತೆ. ಹತ್ತು ಹದಿನೈದು ಅಡಿ ಮೇಲೆ ದಿಬ್ಬದ ಪಕ್ಕ ಮಲಗಿದ್ರೆ ಅದೇ ರಾತ್ರಿ ಕಡಿಮೆ ಚಳಿ. ನಿಜವಾದ ಮರುಭೂಮಿಯಲ್ಲಿ ಒಣ ಹಳ್ಳದಲ್ಲಿ ಮಲಗಬೇಡಿ ಅನ್ನೋದಕ್ಕೆ ಇನ್ನೊಂದು ಕಾರಣ ಇದೆ: ಎಲ್ಲೋ ದೂರ ಮಳೆಯಾಗಿ ಇಲ್ಲಿ ದಿಢೀರ್ ಪ್ರವಾಹ ಬರುತ್ತೆ.

ಮೇಲೆ ಹೊದೆಯೋದಕ್ಕಿಂತ ಕೆಳಗೆ ಹಾಸೋದು ದೊಡ್ಡದು

ಹೊಸಬರು ಎರಡು ಬ್ಲಾಂಕೆಟ್ ತಂದು ಎರಡನ್ನೂ ಹೊದ್ಕೊಳ್ತಾರೆ. ಬೆಳಗಿನ ಜಾವ ಮೂರಕ್ಕೆ ಎಚ್ಚರ ಆಗೋದು ಎದೆ ತಣ್ಣಗಾಗಿ ಅಲ್ಲ, ಬೆನ್ನು ತಣ್ಣಗಾಗಿ. ಹೊದಿಕೆ ಬೆಚ್ಚಗಿಡೋದು ಅದರೊಳಗೆ ಸಿಕ್ಕಿಕೊಂಡ ಗಾಳಿಯಿಂದ. ನಮ್ಮ ಭಾರಕ್ಕೆ ಕೆಳಗಿನ ಭಾಗ ಒತ್ತಿ ಹೋದ್ರೆ ಗಾಳಿ ಹೊರಗೆ, ಇನ್ಸುಲೇಷನ್ ಝೀರೋ. ನೆಲವೋ, ಎಷ್ಟು ಶಾಖ ಕೊಟ್ರೂ ತಗೊಳ್ತಾನೇ ಇರುತ್ತೆ. ಅದಕ್ಕೆ ಗೈಡೆಡ್ ಟ್ರಿಪ್‌ನವರು ಸ್ಲೀಪಿಂಗ್ ಬ್ಯಾಗಿಗಿಂತ ಮೊದಲು ಮ್ಯಾಟ್ ಯಾವುದು ಅಂತ ಕೇಳ್ತಾರೆ. ನಮ್ಮ ಕಡೆ ಗಾಳಿ ತುಂಬೋ ಮ್ಯಾಟ್ ತರಬೇಡಿ. ಜಾಲಿ ಮುಳ್ಳು, ನೆಗ್ಗಿಲು ಮುಳ್ಳು ಅದನ್ನು ಅರ್ಧ ಗಂಟೆಯಲ್ಲಿ ಮುಗಿಸ್ತವೆ. ಫೋಮ್ ಮ್ಯಾಟ್ ಸಾಕು.

ಅಥವಾ ಕಂಬಳಿ. ಇಲ್ಲಿ ನಮ್ಮ ತಾಲೂಕಿನ ಹೆಮ್ಮೆ ಸ್ವಲ್ಪ ಹೇಳ್ಕೊಳ್ತೀವಿ. ರಾಣೆಬೆನ್ನೂರು ತಾಲೂಕಿನ ಮೆಡ್ಲೇರಿ ಕಂಬಳಿಗೆ ಹೆಸರಾದ ಊರು. ದಖ್ಖನಿ ಕುರಿಯ ಉಣ್ಣೆ ಒರಟು, ನೂಲು ತೆಗೆದು, ಹುಣಸೆ ಬೀಜದ ಅಂಟಿನ ಸರಿ ಹಾಕಿ ಬಿಗಿ ಮಾಡಿ ನೇಯ್ತಾರೆ. ಹೊದ್ದುಕೊಂಡ್ರೆ ಮೊದಲ ಹತ್ತು ನಿಮಿಷ ಚುಚ್ಚುತ್ತೆ, ಅದು ನಿಜ. ಆದ್ರೆ ಮಟೀರಿಯಲ್ ಆಗಿ ನೋಡಿ. ಒರಟು ಎಳೆಗಳು ಒತ್ತಿದ್ರೂ ಪೂರ್ತಿ ಚಪ್ಪಟೆ ಆಗಲ್ಲ, ಹಾಗಾಗಿ ಕೆಳಗೆ ಹಾಸಿದ್ರೂ ಗಾಳಿ ಉಳಿಯುತ್ತೆ. ಉಣ್ಣೆ ತನ್ನ ತೂಕದ ಸುಮಾರು 30 ಪರ್ಸೆಂಟ್ ತೇವ ಹೀರ್ಕೊಂಡ್ರೂ ಮುಟ್ಟಿದ್ರೆ ಒದ್ದೆ ಅನ್ಸಲ್ಲ. ಕಿಡಿ ಬಿದ್ರೆ ನೈಲಾನ್ ಕರಗಿ ಮೈಗೆ ಅಂಟುತ್ತೆ, ಉಣ್ಣೆ ಕಮರಿ ಸುಮ್ಮನಾಗುತ್ತೆ. ಮಡಚಿ ತಲೆ ಮೇಲೆ ಕೊಪ್ಪೆ ಹಾಕಿದ್ರೆ ಮಳೆಗೂ ಆಯ್ತು. ಹತ್ತು ಸಾವಿರದ ಸ್ಲೀಪಿಂಗ್ ಬ್ಯಾಗ್ ಹಿಮಾಲಯಕ್ಕೆ ಬೇಕು. 15 ಡಿಗ್ರಿಗೆ ಒಂದು ಕಂಬಳಿ ಕೆಳಗೆ, ಒಂದು ಮೇಲೆ, ತಲೆಗೆ ಟೋಪಿ ಇದ್ರೆ ಸಾಕೇ ಸಾಕು. ಒಂದೇ ತೊಂದರೆ, ತೂಕ. ಎರಡು ಕಂಬಳಿ ಹೊತ್ತು ನಡೆಯೋಕೆ ಆಗಲ್ಲ. ಆ ತೂಕದ ಪ್ರಶ್ನೆಯನ್ನು ಕಂಬಳಿ ನೇಯಿಸಿಕೊಂಡವರೇ ಬಗೆಹರಿಸಿಕೊಂಡಿದ್ದಾರೆ.

ನೀರಿನ ತೂಕ

ಅಮೆರಿಕದ ಮರುಭೂಮಿ ಪಾರ್ಕ್‌ಗಳಲ್ಲಿ ಹೇಳೋ ಲೆಕ್ಕ ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಹತ್ತಿರ ಹತ್ತಿರ 4 ಲೀಟರ್. ಚಳಿಗಾಲ ಅಲ್ವಾ, ಇಷ್ಟು ಯಾಕೆ ಅನ್ಸುತ್ತೆ. ಒಣ ಗಾಳಿಯಲ್ಲಿ ಬೆವರು ಬಂದದ್ದೇ ಗೊತ್ತಾಗದೆ ಆರಿಹೋಗುತ್ತೆ, ಚಳಿಗೆ ಬಾಯಾರಿಕೆ ಕಮ್ಮಿ ಅನ್ಸುತ್ತೆ, ಮೂತ್ರ ಮಾತ್ರ ಜಾಸ್ತಿ ಹೋಗುತ್ತೆ. ಹಾಗಾಗಿ ಮಧ್ಯಾಹ್ನಕ್ಕೆ ತಲೆನೋವು ಶುರುವಾದ ಮೇಲೆ ನೀರು ನೆನಪಾಗೋದು. ನಮ್ಮ ಬಯಲಲ್ಲೂ ಅಡುಗೆ ಸೇರಿಸಿ 4 ಲೀಟರ್ ಹಿಡಿಯೋದೇ ಒಳ್ಳೇದು.

ಈಗ ಲೆಕ್ಕ ಮಾಡಿ. 60 ಕೆಜಿ ಇರೋ ಹುಡುಗ ಅಥವಾ ಹುಡುಗಿ ತನ್ನ ತೂಕದ ಐದನೇ ಒಂದು ಭಾಗ, ಅಂದ್ರೆ 12 ಕೆಜಿ ಆರಾಮಾಗಿ ಹೊರಬಹುದು ಅಂತಾರೆ. ಎರಡು ದಿನದ ನೀರೇ 8 ಕೆಜಿ. ಉಳಿದ 4 ಕೆಜಿಯಲ್ಲಿ ಟೆಂಟು, ಹಾಸಿಗೆ, ಊಟ, ಬಟ್ಟೆ ಎಲ್ಲಾ ಬರಬೇಕು. ಬರಲ್ಲ. ಪಶ್ಚಿಮ ಘಟ್ಟದಲ್ಲಿ ಈ ಸಮಸ್ಯೆ ಇಲ್ಲ, ಅಲ್ಲಲ್ಲಿ ತೊರೆ ಸಿಗುತ್ತೆ. ಒಣ ನಾಡಲ್ಲಿ ಚಾರಣದ ಪ್ಲಾನ್ ಅಂದ್ರೆ ನೀರಿನ ಪ್ಲಾನ್. ಅದಕ್ಕೆ ಗೈಡ್‌ಗಳು ಏನು ಮಾಡ್ತಾರೆ? ಮೊದಲೇ ಜೀಪಲ್ಲಿ ಹೋಗಿ ದಾರಿಯಲ್ಲಿ ಕ್ಯಾನ್ ಇಟ್ಟು ಬರ್ತಾರೆ. ಥಾರ್‌ನಲ್ಲಿ ಒಂಟೆ ಮೇಲೆ ಹೇರ್ತಾರೆ. ಅಥವಾ ಗಾಡಿಯನ್ನು ಒಂದು ಕಡೆ ನಿಲ್ಲಿಸಿ, ಹಗಲು ಹಗುರ ಬ್ಯಾಗಲ್ಲಿ ಸುತ್ತಾಡಿ ರಾತ್ರಿ ಗಾಡಿ ಹತ್ತಿರ ವಾಪಸ್ ಬರ್ತಾರೆ. ಒಣ ನಾಡಲ್ಲಿ ಕಾರ್ ಕ್ಯಾಂಪಿಂಗ್ ಮಾಡೋದು ಇದಕ್ಕೇ, ಸೋಮಾರಿತನದಿಂದ ಅಲ್ಲ.

ನಮ್ಮ ಕುರಿಗಾರರು ಇದನ್ನು ತಲೆತಲಾಂತರದಿಂದ ಮಾಡ್ತಾ ಬಂದಿದ್ದಾರೆ. ಸುಗ್ಗಿ ಮುಗಿದ ಹೊಲಗಳಲ್ಲಿ ಊರಿಂದೂರಿಗೆ ಕುರಿ ಹಿಂಡು ಹೊಡ್ಕೊಂಡು ಹೋಗ್ತಾರೆ. ಸಂಜೆಗೆ ಬಲೆ ಕಟ್ಟಿ ಹಟ್ಟಿ ಮಾಡಿ ಯಾರದೋ ಹೊಲದಲ್ಲಿ ಕುರಿ ತರುಬ್ತಾರೆ. ರಾತ್ರಿಯೆಲ್ಲಾ ಹಿಕ್ಕೆ, ಗಂಜಲ ಬಿದ್ದು ಹೊಲಕ್ಕೆ ಗೊಬ್ಬರ. ಅದಕ್ಕೆ ಹೊಲದವರು ದುಡ್ಡೋ ಕಾಳೋ ಕೊಡ್ತಾರೆ. ಕಂಬಳಿ, ಪಾತ್ರೆ, ಈಗಷ್ಟೇ ಹುಟ್ಟಿದ ಮರಿ, ಎಲ್ಲಾ ಕುದುರೆ ಮೇಲೆ. ನಾವು ಜಾಗಕ್ಕೆ ದುಡ್ಡು ಕೊಟ್ಟು ಟೆಂಟ್ ಹಾಕ್ತೀವಿ, ಅವರಿಗೆ ಹೊಲದವರೇ ದುಡ್ಡು ಕೊಟ್ಟು ಮಲಗಿಸಿಕೊಳ್ತಾರೆ!

ಕಾರ್ ಕ್ಯಾಂಪಿಂಗೂ ಹೊಸದಲ್ಲ. ಸೀಗಿ ಹುಣ್ಣಿಮೆಗೆ, ಎಳ್ಳ ಅಮಾವಾಸ್ಯೆಗೆ ಬುತ್ತಿ ಕಟ್ಟಿ ಚಕ್ಕಡಿ ಹೂಡಿ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಂಡು ಬರೋದು ನಮ್ಮ ಮನೆಗಳಲ್ಲಿ ಇವತ್ತಿಗೂ ಇದೆ. ಅದು ಹಗಲಿನದ್ದು. ರಾತ್ರಿಯದ್ದು ಬೇಕಂದ್ರೆ ಮೈಲಾರದ ಜಾತ್ರೆ ನೋಡಿ. ಭಾರತ ಹುಣ್ಣಿಮೆ ಹೊತ್ತಿಗೆ ಹಾವೇರಿ, ರಾಣೆಬೆನ್ನೂರು ಕಡೆಯಿಂದ ತುಂಗಭದ್ರೆಯ ಆಚೆ ದಡದ ಮೈಲಾರಕ್ಕೆ ಬಂಡಿಗಳು ಹೊರಡ್ತವೆ. ಈಗ ಟ್ರ್ಯಾಕ್ಟರ್ ಟ್ರೇಲರ್‌ಗಳೇ ಜಾಸ್ತಿ. ಗಾಡಿ ಕೆಳಗೆ, ಗಾಡಿ ಪಕ್ಕ ಬಯಲಲ್ಲೇ ಅಡುಗೆ, ಬಯಲಲ್ಲೇ ನಿದ್ದೆ, ಗೊರವಪ್ಪ ಬಿಲ್ಲು ಏರಿ ಕಾರ್ಣಿಕ ನುಡಿಯೋ ತನಕ. ಅದನ್ನು ಯಾರೂ ಕ್ಯಾಂಪಿಂಗ್ ಅಂತ ಕರೆದಿಲ್ಲ ಅಷ್ಟೇ.

ಊಟದ ಬಗ್ಗೆ ಒಂದೇ ಮಾತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಗುರೆಳ್ಳು ಪುಡಿ ಹಗುರ, ವಾರಗಟ್ಟಲೆ ಕೆಡಲ್ಲ, ಒಲೆ ಬೇಡ. ಆದ್ರೆ ಒಣ ಊಟ ತಿಂದ್ರೆ ನೀರು ಜಾಸ್ತಿ ಬೇಕು, ಆ ಲೆಕ್ಕವನ್ನು ಮೇಲಿನ 4 ಲೀಟರಿಗೆ ಸೇರಿಸ್ಕೊಳ್ಳಿ.

ಅಭಯಾರಣ್ಯದೊಳಗೆ ಟೆಂಟ್ ಹಾಕಬಹುದಾ?

ಈ ಪ್ರಶ್ನೆ ಬಂದೇ ಬರುತ್ತೆ, ಯಾಕಂದ್ರೆ ಮ್ಯಾಪ್ ತೆಗೆದ್ರೆ ರಾಣೆಬೆನ್ನೂರು ಪಕ್ಕ ದೊಡ್ಡದಾಗಿ ಹಸಿರು ಬಣ್ಣದಲ್ಲಿ ಕಾಣೋದು ಕೃಷ್ಣಮೃಗ ಅಭಯಾರಣ್ಯ. 1974ರಲ್ಲಿ ಘೋಷಣೆಯಾದದ್ದು, 119 ಚದರ ಕಿಲೋಮೀಟರ್. ಕೃಷ್ಣಮೃಗಕ್ಕೆ ನಮ್ಮ ಕಡೆ ಚಿಗರಿ ಅಂತಾರೆ. ಹುಬ್ಬಳ್ಳಿ–ಧಾರವಾಡದ ಬಿಆರ್‌ಟಿಎಸ್ ಬಸ್ಸಿಗೆ ಇಟ್ಟಿರೋದು ಇದೇ ಹೆಸರು. ಚಿಗರಿ ಜೊತೆ ತೋಳ, ನರಿ, ಮೊಲ, ಮುಳ್ಳುಹಂದಿ ಎಲ್ಲಾ ಇದಾವೆ.

ಉತ್ತರ: ಇಲ್ಲ, ಅನುಮತಿ ಇಲ್ಲದೆ ಒಳಗೆ ಹೋಗೋಕೂ ಬರಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ ಅಭಯಾರಣ್ಯಕ್ಕೆ ಪ್ರವೇಶವನ್ನು ನಿರ್ಬಂಧಿಸುತ್ತೆ, 28ನೇದು ಯಾವ ಕಾರಣಕ್ಕೆ ಪರ್ಮಿಟ್ ಕೊಡಬಹುದು ಅಂತ ಹೇಳುತ್ತೆ, 30ನೇದು ಬೆಂಕಿ ಹಚ್ಚೋದನ್ನು ನಿಷೇಧಿಸುತ್ತೆ. ‘ಎಲ್ಲಾ ನಾವು ನೋಡ್ಕೊಳ್ತೀವಿ ಸರ್’ ಅನ್ನೋ ಆಪರೇಟರ್ ಹತ್ರ ಪರ್ಮಿಟ್ ಪತ್ರವನ್ನೇ ತೋರಿಸಿ ಅಂತ ಕೇಳಿ. ತೋರಿಸದಿದ್ರೆ ಅಲ್ಲಿಗೇ ಬಿಡಿ.

ಕಾನೂನು ಬಿಟ್ಟು ಕಾರಣ ಕೇಳಿದ್ರೆ ಅದು ಇನ್ನೂ ದೊಡ್ಡದು. ನಾವು ಕಾಡು ಅಂದ್ರೆ ಮರ ಅಂದ್ಕೊಂಡು ಬೆಳೆದವರು. ಮರ ಇಲ್ಲದ ಬಯಲು ಕಂಡ್ರೆ ಖಾಲಿ ಜಾಗ ಅನ್ಸುತ್ತೆ: ಕ್ರಿಕೆಟ್ ಆಡಬಹುದು, ಗಾಡಿ ಓಡಿಸಬಹುದು, ಟೆಂಟ್ ಹಾಕಬಹುದು. ಸರ್ಕಾರದ ‘ವೇಸ್ಟ್‌ಲ್ಯಾಂಡ್ ಅಟ್ಲಾಸ್’ ಕೂಡ ಕುರುಚಲು ನೆಲವನ್ನು ವೇಸ್ಟ್ ಪಟ್ಟಿಗೇ ಸೇರಿಸುತ್ತೆ. ಹೀಗೆ ಖಾಲಿ ಅಂದ್ಕೊಂಡಿದ್ದಕ್ಕೇ ಇಂಥ ಬಯಲುಗಳಲ್ಲಿ ಸಾಲುಸಾಲು ನೀಲಗಿರಿ ನೆಟ್ಟದ್ದು. ರಾಣೆಬೆನ್ನೂರು ಅಭಯಾರಣ್ಯದ ದೊಡ್ಡ ಭಾಗವೇ ಇವತ್ತು ನೀಲಗಿರಿ ತೋಪು. ಚಿಗರಿ ಹೇಗೋ ಹೊಂದಿಕೊಂಡಿತು, ಸುತ್ತಲಿನ ಮೆಕ್ಕೆಜೋಳದ ಹೊಲಕ್ಕೂ ನುಗ್ಗುತ್ತೆ, ರೈತರು ಬೈತಾರೆ. ಆದ್ರೆ ಹುಲ್ಲಿನ ಬಯಲೇ ಬೇಕಾಗಿದ್ದ ಒಂದು ಹಕ್ಕಿ ಇತ್ತು: ಎರೆಭೂತ. ಎರೆ ಭೂಮಿಯಲ್ಲಿ ಭೂತದಂಗೆ ದೊಡ್ಡದಾಗಿ ಎದ್ದು ನಿಲ್ಲೋದಕ್ಕೆ ಹೊಂದೋ ಹೆಸರು. ಇಂಗ್ಲಿಷಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್, ಮೀಟರ್ ಎತ್ತರದ ಹಕ್ಕಿ. ಒಂದು ಕಾಲಕ್ಕೆ ರಾಣೆಬೆನ್ನೂರು ಈ ಹಕ್ಕಿಗೂ ಹೆಸರಾಗಿತ್ತು. ಈಗ ಇಲ್ಲಿಲ್ಲ. ಕರ್ನಾಟಕದಲ್ಲಿ ಬಳ್ಳಾರಿಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು ಕಂಡಿವೆ, ಉಳಿದವು ಹೆಚ್ಚಾಗಿ ರಾಜಸ್ಥಾನದಲ್ಲಿ, ಅದೇ ಜೈಸಲ್ಮೇರ್ ಸುತ್ತ. 2011ರಿಂದ ಐಯುಸಿಎನ್ ಪಟ್ಟಿಯಲ್ಲಿ ಅಳಿವಿನ ಅಂಚಿನ ಕೊನೆಯ ಮೆಟ್ಟಿಲಲ್ಲಿದೆ.

ಇದಕ್ಕೂ ಟೆಂಟಿಗೂ ಏನು ಸಂಬಂಧ? ಎರೆಭೂತ ಮೊಟ್ಟೆ ಇಡೋದು ಬರೀ ನೆಲದ ಮೇಲೆ. ಟಿಟ್ಟಿಭ, ನೆಲಗುಬ್ಬಿ, ಲಾರ್ಕ್ ಹಕ್ಕಿಗಳೂ ಅಷ್ಟೇ. ಚಳಿಗಾಲದಲ್ಲಿ ಮಧ್ಯ ಏಷ್ಯಾ ಕಡೆಯಿಂದ ಹ್ಯಾರಿಯರ್ ಅನ್ನೋ ಗಿಡುಗಗಳು ದಖ್ಖನಿನ ಹುಲ್ಲುಗಾವಲುಗಳಿಗೆ ಬರ್ತವೆ. ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿ ರಾತ್ರಿ ಮಲಗೋದು ಮರದಲ್ಲಿ ಅಲ್ಲ, ಎತ್ತರದ ಹುಲ್ಲಿನ ನಡುವೆ ನೆಲದ ಮೇಲೆ, ಗುಂಪಾಗಿ. ಟೆಂಟಿಗೆ ಬೆಸ್ಟ್ ಸ್ಪಾಟ್ ಅಂತ ನಾವು ತೋರಿಸೋ ಜಾಗವೇ ಅವುಗಳ ಹಾಸಿಗೆ ಆಗಿರಬಹುದು. ಒಂದು ಬೈಕ್ ಹೆಡ್‌ಲೈಟ್ ಸಾಕು, ಇಡೀ ಗುಂಪು ಕತ್ತಲಲ್ಲಿ ಎದ್ದು ಹಾರುತ್ತೆ. ಅಭಯಾರಣ್ಯ ನೋಡೋ ಆಸೆ ಇದ್ರೆ ಹಗಲು, ಇಲಾಖೆಯ ಅನುಮತಿ ತಗೊಂಡು, ಅವರು ಹೇಳಿದ ದಾರಿಯಲ್ಲಿ ನೋಡಿ ಬನ್ನಿ. ಮಲಗೋಕೆ ಬೇರೆ ಜಾಗ ಇದೆ.

(ತೋಳ ನೋಡಬೇಕು ಅಂತ ಮ್ಯಾಪಲ್ಲಿ ‘ಬಂಕಾಪುರ’ ಹಾಕಿ ಹೊರಡೋರಿಗೆ ಒಂದು ಸೂಚನೆ: ತೋಳಧಾಮ ಇರೋದು ಕೊಪ್ಪಳ ಜಿಲ್ಲೆ ಗಂಗಾವತಿ ಕಡೆಯ ಬಂಕಾಪುರದಲ್ಲಿ. ನಮ್ಮ ಶಿಗ್ಗಾವಿ ಬಂಕಾಪುರದ ಕೋಟೆಯಲ್ಲಿ ಇರೋದು ನವಿಲು.)

ಹಾಗಾದ್ರೆ ಎಲ್ಲಿ, ಯಾರ ಜೊತೆ

ಕೊಯ್ಲಾದ ಹೊಲದಲ್ಲಿ, ಹೊಲದವರ ಒಪ್ಪಿಗೆಯಿಂದ. ಮೆಕ್ಕೆಜೋಳ ಮುರಿದ ಮೇಲೆ ಹಿಂಗಾರಿ ಬಿತ್ತದ ಹೊಲಗಳು ಡಿಸೆಂಬರಲ್ಲಿ ಖಾಲಿ ಇರ್ತವೆ. ನಮ್ಮ ಕ್ಲಾಸಲ್ಲಿ ರಾಣೆಬೆನ್ನೂರು, ಬ್ಯಾಡಗಿ, ಹಿರೇಕೆರೂರು ಕಡೆಯವರು ಸಾಕಷ್ಟಿದ್ದಾರೆ. ಯಾರದೋ ಒಬ್ಬರ ಕಾಕಾನ ಹೊಲ ಇದ್ದೇ ಇರುತ್ತೆ. ಹೋಗಿ ಕೇಳೋದು ಹೀಗೆ: ‘ಕಾಕಾ, ಎಂಟು ಮಂದಿ ಅದೀವ್ರಿ, ಒಂದ್ ರಾತ್ರಿ ನಿಮ್ಮ ಹೊಲದಾಗ ಇರ್ತೀವ್ರಿ. ಬೆಂಕಿ ಹಚ್ಚಂಗಿಲ್ರಿ, ಕುಡಿಯಂಗಿಲ್ರಿ, ಮುಂಜಾನೆ ಎಲ್ಲಾ ಬಳದು ಹೊಕ್ಕೀವ್ರಿ.’ ಇದರಲ್ಲಿ ಎರಡನೇ ಮತ್ತು ಮೂರನೇ ಮಾತಿಗೇ ಕಾಕಾ ಒಪ್ಪೋದು. ಊರಿನ ಪೊಲೀಸ್ ಠಾಣೆಗೂ ಒಂದು ಮಾತು ತಿಳಿಸಿದ್ರೆ ಮಧ್ಯರಾತ್ರಿ ಯಾರೋ ಟಾರ್ಚ್ ಹಿಡಿದು ಬಂದು ವಿಚಾರಿಸೋದು ತಪ್ಪುತ್ತೆ.

ಈ ಕಾಕಾನೇ ನಿಮ್ಮ ಗೈಡ್ ಅಂತ ನಾವು ಹೇಳ್ತೀವಿ, ತಮಾಷೆಗಲ್ಲ. ಗೈಡ್ ಅಂದ್ರೆ ಮುಂದೆ ನಡೆಯೋ ಮನುಷ್ಯ ಅಷ್ಟೇ ಅಲ್ಲ. ನೀರು ಎಲ್ಲಿದೆ, ಯಾವ ಬೋರ್ ನಡೀತಿದೆ, ಯಾವ ಬದುವಿನಲ್ಲಿ ಹಾವಿನ ಹುತ್ತ ಇದೆ, ಕರೆಂಟ್ ತಂತಿ ಬೇಲಿ ಯಾರ ಹೊಲಕ್ಕಿದೆ, ಮಳೆ ಬಂದ್ರೆ ಯಾವ ದಾರಿ ಮುಚ್ಚುತ್ತೆ ಅಂತ ಗೊತ್ತಿರೋರು. ಕೊನೆಯದು ಸಣ್ಣ ವಿಷಯ ಅಲ್ಲ. ಎರೆ ಮಣ್ಣಿನಲ್ಲಿರೋ ಮಾಂಟ್‌ಮೊರಿಲೊನೈಟ್ ಜೇಡಿ ನೀರು ಕುಡಿದ್ರೆ ಉಬ್ಬುತ್ತೆ. ಡಿಸೆಂಬರಲ್ಲಿ ಸೈಕ್ಲೋನ್ ಮಳೆ ಒಂದು ಗಂಟೆ ಹೊಡೆದ್ರೆ ಕಾರಿನ ಟೈರು ಅಂಟಿನ ಉಂಡೆ ಆಗುತ್ತೆ, ಟ್ರ್ಯಾಕ್ಟರ್ ಬರೋ ತನಕ ಅಲ್ಲೇ. ಹಾಗಾಗಿ ಗಾಡಿ ಡಾಂಬರು ರಸ್ತೆ ಹತ್ತಿರ ಅಥವಾ ಕೆಂಪು ಮಣ್ಣಲ್ಲಿ ನಿಲ್ಲಿಸಿ. ಫಸ್ಟ್ ಏಡ್, ಕ್ಯಾಂಪ್ ನಡೆಸೋ ಶಿಸ್ತು ಕಲಿಯಬೇಕು ಅನ್ನೋರಿಗೆ ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ತರಬೇತಿ ಕೊಡುತ್ತೆ. ಗುಂಪಲ್ಲಿ ಒಬ್ಬರಾದ್ರೂ ಇಂಥದ್ದು ಕಲಿತಿದ್ರೆ, ಜೊತೆಗೆ ಕಾಕಾ ಇದ್ರೆ, ಟೀಂ ಪೂರ್ತಿ ಆದಂಗೆ.

ಬೆಂಕಿ ಬೇಡ ಅಂದದ್ದು ಕಾಕಾನ ಖುಷಿಗೆ ಮಾತ್ರ ಅಲ್ಲ. ಚಳಿಗಾಲದ ಹುಲ್ಲು, ಕಣಕಿ ಪೆಟ್ರೋಲಿನಂಗೆ. ಪಕ್ಕದ ಹೊಲದಲ್ಲಿ ಬಣವಿ ಇದ್ರೆ ಅದು ಆ ಮನೆಯ ಎತ್ತುಗಳ ವರ್ಷದ ಊಟ. ಕಾರು, ಬೈಕನ್ನು ಒಣ ಹುಲ್ಲಿನ ಮೇಲೆ ನಿಲ್ಲಿಸಬೇಡಿ. ಕೆಟಲಿಟಿಕ್ ಕನ್ವರ್ಟರ್, ಸೈಲೆನ್ಸರ್ ಬಿಸಿಗೇ ಹುಲ್ಲು ಹೊತ್ತಿಕೊಳ್ಳುತ್ತೆ. ಚಳಿ ಅಂತ ಕೆಂಡದ ಅಗ್ಗಿಷ್ಟಿಕೆಯನ್ನು ಟೆಂಟ್ ಒಳಗೆ ಇಟ್ಕೊಳ್ಳೋದು, ಕಾರಿನ ಕಿಟಕಿ ಮುಚ್ಚಿ ಎಂಜಿನ್ ಆನ್ ಮಾಡಿ ಮಲಗೋದು ಎರಡೂ ನೇರ ಸಾವಿನ ದಾರಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಹಿಮೋಗ್ಲೋಬಿನ್ ಅದನ್ನು ಆಕ್ಸಿಜನ್ನಿಗಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಹಿಡ್ಕೊಳ್ಳುತ್ತೆ. ಮಲಗಿದವರಿಗೆ ಎಚ್ಚರವೇ ಆಗಲ್ಲ. ಈ ಲೇಖನದಲ್ಲಿ ಬೇರೆಲ್ಲಾ ಮರೆತ್ರೂ ಇದೊಂದು ಮರೀಬೇಡಿ.

ತೋಳದ ಭಯ ಬೇಡ, ಅದರ ಕಣ್ಣು ಕುರಿ ಮೇಲೆ, ಮನುಷ್ಯರನ್ನು ಕಂಡ್ರೆ ದೂರ ಹೋಗುತ್ತೆ. ಚೇಳು, ಹಾವಿಗೆ ಹೆದರಬೇಕು. ಶೂ ಒಳಗೆ ಕೈ ಹಾಕೋ ಮೊದಲು ಕೊಡವಿ, ರಾತ್ರಿ ಟಾರ್ಚ್ ಇಲ್ಲದೆ ಎದ್ದು ಹೋಗಬೇಡಿ, ಕಣಕಿ ರಾಶಿ ಮೇಲೆ ಮಲಗಬೇಡಿ. ಕಚ್ಚಿದ್ರೆ ಕುಯ್ಯೋದು, ಹೀರೋದು, ಬಿಗಿಯಾಗಿ ಕಟ್ಟೋದು ಏನೂ ಬೇಡ. ಅಲುಗಾಡಿಸದೆ 108ಕ್ಕೆ ಫೋನ್, ನೇರ ಸರ್ಕಾರಿ ಆಸ್ಪತ್ರೆ. ಬಯಲಿಗೆ ಹೋಗೋದಕ್ಕೆ ನೀರಿನ ಮೂಲದಿಂದ 60 ಮೀಟರ್ ದೂರ, 15–20 ಸೆಂಟಿಮೀಟರ್ ಗುಂಡಿ ತೋಡಿ ಮುಚ್ಚಿ. ಒಣ ಮಣ್ಣಲ್ಲಿ ಏನೂ ಬೇಗ ಕೊಳೆಯಲ್ಲ, ಪೇಪರ್ ವಾಪಸ್ ಬ್ಯಾಗಿಗೇ. ಎರೆ ಹೊಲದ ಬಿರುಕು ರೆಡಿಮೇಡ್ ಗುಂಡಿ ಅಲ್ಲ, ಅದರೊಳಗೆ ಬೇರೆಯವರು ವಾಸ ಇರ್ತಾರೆ.

ಇಷ್ಟೆಲ್ಲಾ ಆದ ಮೇಲೆ ರಾತ್ರಿ ಮಾಡೋಕೆ ಏನಿದೆ ಅಂತೀರಾ? ಆಕಾಶ. ಯಾವ ಒಣ ಗಾಳಿ ಬೆನ್ನು ನಡುಗಿಸಿತೋ ಅದೇ ನಕ್ಷತ್ರಗಳನ್ನೂ ತೋರಿಸುತ್ತೆ. ಜನವರಿಯ ರಾತ್ರಿ ಒಂಬತ್ತಕ್ಕೆ ಮಹಾವ್ಯಾಧ ಮೇಲೆ ಬಂದಿರ್ತಾನೆ, ಅವನ ಹಿಂದೆ ಲುಬ್ಧಕ, ದಕ್ಷಿಣಕ್ಕೆ ಕೆಳಗೆ ಅಗಸ್ತ್ಯ. ಧ್ರುವ ನಕ್ಷತ್ರ ಹುಡುಕೋಕೆ ಆ್ಯಪ್ ಬೇಡ. ಅದು ದಿಗಂತದಿಂದ ಎಷ್ಟು ಎತ್ತರ ಇದೆ ಅನ್ನೋದು ನಾವಿರೋ ಜಾಗದ ಅಕ್ಷಾಂಶಕ್ಕೆ ಸಮ. ರಾಣೆಬೆನ್ನೂರು 14.6 ಡಿಗ್ರಿ ಉತ್ತರದಲ್ಲಿದೆ. ಕೈ ಚಾಚಿ ಮುಷ್ಟಿ ಹಿಡಿದ್ರೆ ಸುಮಾರು 10 ಡಿಗ್ರಿ. ಉತ್ತರ ದಿಕ್ಕಿನ ದಿಗಂತದ ಮೇಲೆ ಒಂದೂವರೆ ಮುಷ್ಟಿ ಅಳೆದು ನೋಡಿ, ಅಲ್ಲಿ ಒಂಟಿಯಾಗಿ, ಅಷ್ಟೇನೂ ಹೊಳೆಯದೆ ಕೂತಿರುತ್ತೆ. ಫೋನ್ ಚಾರ್ಜ್ ಮುಗಿದು, ನಾಲ್ಕೂ ಕಡೆ ಒಂದೇ ಥರ ನೀಲಗಿರಿ ಸಾಲು ಕಂಡ ಮೇಲೆ ಇದು ಉಪಯೋಗಕ್ಕೆ ಬರುತ್ತೆ.

ದಿನ ಆರಿಸೋದಾದ್ರೆ ಹುಣ್ಣಿಮೆ ಬಿಟ್ಟು ಅಮಾವಾಸ್ಯೆ ಹತ್ತಿರದ ಶನಿವಾರ ನೋಡಿ. ಎಳ್ಳ ಅಮಾವಾಸ್ಯೆಗೇ ಹೋದ್ರೆ ಇನ್ನೂ ಒಳ್ಳೇದು: ಆವತ್ತು ಕಾಕಾನ ಮನೆಯವರೆಲ್ಲಾ ಚಕ್ಕಡಿ ತಗೊಂಡು ಹೊಲಕ್ಕೆ ಬಂದಿರ್ತಾರೆ, ರಾತ್ರಿಯ ಊಟಕ್ಕೆ ನೀವು ಕಟ್ಟಿಕೊಂಡು ಹೋದ ಖಡಕ್ ರೊಟ್ಟಿ ಬ್ಯಾಗಲ್ಲೇ ಉಳಿಯುತ್ತೆ. ನಮ್ಮ ಹತ್ರ ಎರಡು ಮೆಡ್ಲೇರಿ ಕಂಬಳಿ ಇದಾವೆ, ಬೇಕಾದವರು ಸಂಘದ ರೂಮಿಗೆ ಬಂದು ಹೆಸರು ಬರೆಸಿ ತಗೊಂಡು ಹೋಗಿ. ವಾಪಸ್ ಕೊಡೋ ಮೊದಲು ಬಿಸಿಲಿಗೆ ಒಣಗಿಸಿ.